ನ್ಯಾರೋಬೋಟ್‌ಗೆ ಬಣ್ಣ: ದರಕ್ಕಿಂತ ಮೊದಲು ತಯಾರಿ ಕೇಳಿ

ಸಂಪಾದಕರಿಗೆ,

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ಉದ್ದನೆಯ, ಕಿರಿದಾದ ನ್ಯಾರೋಬೋಟ್‌ಗಳ ಬದುಕಿನ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಕೆಲವು ವರ್ಷಕ್ಕೊಮ್ಮೆ ಪೇಂಟರ್‌ಗೆ ಒಪ್ಪಿಸಿದರೆ ಹೊರಮೈಯ ಚಿಂತೆ ತೀರಿತು ಎಂಬಂತೆ ಅದರಲ್ಲಿ ಒಂದು ಮಾತು ಬಂದುಹೋಗಿದೆ. ದೋಣಿ ಇಟ್ಟುಕೊಂಡವರು ಒಂದೇ ಸಲಕ್ಕೆ ಸಾವಿರಾರು ಪೌಂಡ್ ಎಣಿಸಿ ಕೊಡಬೇಕಾದ ಕೆಲಸ ಅದು. ಬ್ರಿಟನ್ನಿನಲ್ಲಿದ್ದು ಹಳೆಯ ದೋಣಿ ಕೊಳ್ಳುವ ಯೋಚನೆಯಲ್ಲಿರುವ ಓದುಗರು ಆ ಮಾತಿನ ಮೇಲೆ ಮುಂಗಡ ಕೊಟ್ಟುಬಿಡಬಾರದೆಂದು ಈ ಪತ್ರ. ಬಣ್ಣದ ಡಬ್ಬಿಗಳ ಬೆಲೆ ಒಟ್ಟು ಬಿಲ್ಲಿನಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಹೋಗುವುದು ಮೊದಲ ಕೋಟ್ ಬೀಳುವುದಕ್ಕೂ ಮುಂಚಿನ ಕೆಲಸಕ್ಕೆ. ಕೆಲಸ ಕೆಡುವುದೂ ಅಲ್ಲೇ.

ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಾಲುವೆಯ ಕಿರಿದಾದ ಲಾಕ್‌ಗಳು ಸುಮಾರು 7 ಅಡಿ ಅಗಲ ಇರುವುದರಿಂದ ಈ ದೋಣಿಗಳ ಅಗಲ 6 ಅಡಿ 10 ಇಂಚು; ಉದ್ದ 70 ಅಡಿಯವರೆಗೂ ಹೋಗುತ್ತದೆ. ಈಗಿನ ದೋಣಿಗಳು ಉಕ್ಕಿನವು. ತಳ 10 ಮಿ.ಮೀ., ಪಕ್ಕಗಳು 6 ಮಿ.ಮೀ., ಕ್ಯಾಬಿನ್ 4 ಮಿ.ಮೀ. ದಪ್ಪ ಇರುವುದು ಸಾಮಾನ್ಯ. ಬಣ್ಣದ ಮಟ್ಟಿಗೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ನೀರಿಗೆ ತಾಗುವ ಭಾಗಕ್ಕೆ ಹಚ್ಚುವ ಕಪ್ಪು ಲೇಪ, ಅಂದರೆ ಬ್ಲ್ಯಾಕಿಂಗ್, ಒಂದು. ಮೇಲಿನ ಕ್ಯಾಬಿನ್ನಿನ ಎನಾಮೆಲ್ ಇನ್ನೊಂದು. ಇಡೀ ದೋಣಿಗೆ ಎಂದು ಬಾಯಲ್ಲಿ ಹೇಳಿದ ದರ ಅನೇಕ ವೇಳೆ ಕ್ಯಾಬಿನ್ನಿಗೆ ಮಾತ್ರ ಇರುತ್ತದೆ. ಮುಂಭಾಗದ ಬಾವಿಯಂತಿರುವ ಡೆಕ್, ಹಿಂದಿನ ಡೆಕ್, ಬಾಗಿಲುಗಳ ಒಳಮೈ, ಗನೆಲ್ ಎಂದು ಕರೆಯುವ ಅಂಚಿನ ಪಟ್ಟಿ ಇವೆಲ್ಲ ಸೇರಿವೆಯೇ ಎಂದು ಒಂದೊಂದನ್ನೂ ಹೆಸರಿಸಿ ಬರೆಸಿಕೊಳ್ಳಬೇಕು.

ಪೇಂಟರ್‌ಗಳು ಅಡಿ ಲೆಕ್ಕದಲ್ಲಿ ದರ ಹೇಳುವುದು ರೂಢಿ. 57 ಅಡಿಯ ದೋಣಿಗೆ ಇಬ್ಬರು ಹೇಳಿದ ದರದಲ್ಲಿ ಅಡಿಗೆ 50 ಪೌಂಡ್ ವ್ಯತ್ಯಾಸವಿದ್ದರೆ ಒಟ್ಟಿನಲ್ಲಿ 2,850 ಪೌಂಡ್ ಆಗುತ್ತದೆ. ಕಡಿಮೆ ಹೇಳಿದವರು ಮೋಸಗಾರರು, ಹೆಚ್ಚು ಹೇಳಿದವರು ದುರಾಸೆಯವರು ಎಂದುಕೊಳ್ಳಬೇಕಿಲ್ಲ. ಸಾಮಾನ್ಯವಾಗಿ ಅವರಿಬ್ಬರೂ ಎರಡು ಬೇರೆ ಕೆಲಸಗಳಿಗೆ ಬೆಲೆ ಹೇಳಿರುತ್ತಾರೆ. ಒಬ್ಬರು ಹಳೆಯ ಬಣ್ಣವನ್ನು ಉಜ್ಜಿ, ಕಂಡ ತುಕ್ಕಿಗೆ ಪ್ರೈಮರ್ ಹಚ್ಚಿ, ಮೇಲೆ ಹೊಸ ಎನಾಮೆಲ್ ಕೊಡುವ ಲೆಕ್ಕ ಹಾಕಿದ್ದಾರೆ. ಇನ್ನೊಬ್ಬರು ಕಿಟಕಿ ಬಿಚ್ಚಿ, ಉಕ್ಕು ಕಾಣುವವರೆಗೂ ಕೆರೆದು, ಮೊದಲಿಂದ ಕಟ್ಟಿಕೊಂಡು ಬರುವ ಲೆಕ್ಕ ಹಾಕಿದ್ದಾರೆ. ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದಿದ್ದು ಬರೀ ಹೊಳಪು ಹೋಗಿದ್ದರೆ ಮೊದಲನೆಯದು ಸಾಕು. ಹಾಗಿಲ್ಲದಿದ್ದರೆ ಅದಕ್ಕೆ ಕೊಟ್ಟ ಹಣ ವ್ಯರ್ಥ. ಯಾವುದು ಬೇಕೆಂದು ತೀರ್ಮಾನಿಸಲು ಪೇಂಟರ್ ದೋಣಿಯನ್ನು ಕಣ್ಣಾರೆ ನೋಡಲೇಬೇಕು. ಫೋಟೊ ನೋಡಿ ಅಂತಿಮ ದರ ಹೇಳುವವರನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು.

ತುಕ್ಕು ಹುಟ್ಟುವ ಜಾಗಗಳು ಹೆಚ್ಚುಕಡಿಮೆ ಎಲ್ಲ ದೋಣಿಗಳಲ್ಲೂ ಒಂದೇ. ಕಿಟಕಿ ಚೌಕಟ್ಟಿನ ಹಿಂದೆ, ಛಾವಣಿಯ ಮೇಲಿನ ಅಣಬೆಯಾಕಾರದ ಗಾಳಿಕಿಂಡಿಗಳ ಬುಡದಲ್ಲಿ, ಕೈಹಿಡಿಯ ಅಡಿಮಗ್ಗುಲಲ್ಲಿ, ಛಾವಣಿಯ ಮೇಲೆ ಹೂಕುಂಡವೋ ಸೌದೆ ಚೀಲವೋ ಕುಳಿತಿದ್ದ ಕಡೆ. ಇವುಗಳಲ್ಲಿ ಕಿಟಕಿಯದೇ ದೊಡ್ಡ ತಲೆನೋವು. ಚೌಕಟ್ಟು ಅಲ್ಯೂಮಿನಿಯಂ, ಗೋಡೆ ಉಕ್ಕು. ನಡುವೆ ತೇವ ನಿಂತಾಗ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಬಣ್ಣದ ಅಡಿಯಲ್ಲೇ ಹೊರಕ್ಕೆ ಹರಿದು ಬರುತ್ತದೆ. ಚೌಕಟ್ಟಿನ ಸುತ್ತ ಟೇಪ್ ಅಂಟಿಸಿ ಬಣ್ಣ ಹೊಡೆದರೆ ಆ ತುಕ್ಕು ಹಾಗೇ ಉಳಿದು, ಒಂದೆರಡು ಚಳಿಗಾಲದಲ್ಲಿ ಚೌಕಟ್ಟಿನ ಅಂಚಿಗೆ ಗುಳ್ಳೆಗಳಾಗಿ ಮೇಲೆದ್ದು ಬರುತ್ತದೆ. ಆದ್ದರಿಂದ ಪೂರ್ತಿ ಬಣ್ಣ ಮಾಡಿಸುವುದಾದರೆ ಕಿಟಕಿ ಬಿಚ್ಚಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಚ್ಚುವಾಗ ಹಳೆಯ ಸ್ಕ್ರೂಗಳು ಮುರಿಯುತ್ತವೆ. ಅವನ್ನು ಡ್ರಿಲ್ ಮಾಡಿ ತೆಗೆದು ಸ್ಕ್ರೂಗೆ ಹೊಸ ಥ್ರೆಡ್ ಕೊರೆಯುವ ಖರ್ಚು ಯಾರದು ಎಂಬುದು ಮೊದಲೇ ಇತ್ಯರ್ಥವಾಗಿರಲಿ. ಮತ್ತೆ ಕೂರಿಸುವಾಗ ಸಿಲಿಕೋನ್ ಬೇಡ ಎಂದು ಬರೆಸಿ. ಬ್ಯುಟೈಲ್ ಮಾಸ್ಟಿಕ್ ಇಲ್ಲವೇ ಫೋಮ್ ಟೇಪ್ ಆಗಬಹುದು.

ಸಿಲಿಕೋನ್ ಇರುವಲ್ಲಿ ಬಣ್ಣ ನಿಲ್ಲುವುದಿಲ್ಲ, ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಂಡಿ ಬಿಟ್ಟು ಹಿಂದೆ ಸರಿಯುತ್ತದೆ. ದೋಣಿಗೆ ಹಿಂದೆ ಹಚ್ಚಿದ ಕಾರಿನ ಪಾಲಿಶ್‌ನಲ್ಲಿ ಸಿಲಿಕೋನ್ ಇದ್ದರೂ ಇದೇ ಗತಿ. ಅದಕ್ಕಾಗಿಯೇ ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸುವ ಕೆಲಸ ಉಜ್ಜುವುದಕ್ಕೆ ಮೊದಲು ಆಗಬೇಕು. ಮೊದಲು ಉಜ್ಜಿದರೆ ಸ್ಯಾಂಡ್‌ಪೇಪರ್ ಆ ಜಿಡ್ಡನ್ನು ಗೀರುಗಳ ಒಳಗೆ ತುಂಬಿಬಿಡುತ್ತದೆ. ಬಟ್ಟೆಯೂ ಎರಡಿರಬೇಕು, ಒದ್ದೆಯದರಿಂದ ಕರಗಿಸಿ, ಅದು ಆರುವ ಮುಂಚೆ ಒಣ ಬಟ್ಟೆಯಿಂದ ತೆಗೆದುಬಿಡಬೇಕು. ಆಮೇಲೆ ಬಣ್ಣ ಇಳಿಸಲು 80ರ ಸ್ಯಾಂಡ್‌ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ನಯ), ಅದರ ಗೀರು ಹೋಗಲು 120, 180, ಕೊನೆಯ ಕೋಟ್‌ಗಳ ನಡುವೆ 320 ಅಥವಾ 400. ಈ ಮೆಟ್ಟಿಲು ಹಾರಿದರೆ ಹೊಳಪಿನ ಅಡಿಯಲ್ಲಿ 80ರ ಗೀರುಗಳು ಬಿಸಿಲಿಗೆ ಎದ್ದು ಕಾಣುತ್ತವೆ. ಹಳೆಯ ದೋಣಿಯಾದರೆ ಕೆಳಗಿನ ಪದರದಲ್ಲಿ ಸೀಸ ಇರಬಹುದು. ಅಂಥದ್ದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು.

ಗ್ರೈಂಡರ್ ಬಳಸುವಲ್ಲಿ ಇನ್ನೊಂದು ಅಪಾಯವಿದೆ, ಇದನ್ನು ಗಮನಿಸುವವರು ಕಡಿಮೆ. ಹಾರಿದ ಕಬ್ಬಿಣದ ಕಿಡಿ ಕಿಟಕಿ ಗಾಜಿಗೆ ತಾಗಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಗಾಜು ಬದಲಿಸುವುದೊಂದೇ ದಾರಿ. ಛಾವಣಿಯ ಮೇಲೆ ಬಿದ್ದ ಪುಡಿ ರಾತ್ರಿಯ ಇಬ್ಬನಿಗೆ ತುಕ್ಕಾಗಿ, ಬಣ್ಣದ ಮೇಲೆ ಕಂದು ಚುಕ್ಕಿಗಳಾಗುತ್ತದೆ. ಆಯಾ ದಿನದ ಪುಡಿಯನ್ನು ಆಯಾ ದಿನವೇ ತೆಗೆದು ತೊಳೆಯಬೇಕು. ಒತ್ತಡದಲ್ಲಿ ಒರಟು ಪುಡಿ ಚಿಮ್ಮಿಸಿ ಬಣ್ಣ ಕೆರೆಯುವ ಗ್ರಿಟ್ ಬ್ಲಾಸ್ಟಿಂಗ್ ವೇಗದ ದಾರಿ, ಉಕ್ಕಿಗೆ ಪ್ರೈಮರ್ ಹಿಡಿಯಲು ಒಳ್ಳೆಯ ಒರಟುತನವನ್ನೂ ಕೊಡುತ್ತದೆ. ಆದರೆ 4 ಮಿ.ಮೀ. ಗೋಡೆಯ ಮೇಲೆ ಅತಿಯಾದ ಒತ್ತಡದಲ್ಲಿ ಹೊಡೆದರೆ ತಗಡು ಅಲೆಯಂತೆ ಬಾಗುತ್ತದೆ, ಮರಳು ಎಂಜಿನ್ ಕೋಣೆಗೂ ನುಗ್ಗುತ್ತದೆ. ಕ್ಯಾಬಿನ್ನಿಗೆ ಅದನ್ನು ಮಾಡಿಸುವುದಾದರೆ ಇದೇ ತೆಳು ಉಕ್ಕಿನ ಮೇಲೆ ಮೊದಲು ಮಾಡಿದವರನ್ನೇ ಹುಡುಕಬೇಕು. ಕೆರೆದ ಉಕ್ಕನ್ನು ಅದೇ ದಿನ ಪ್ರೈಮರ್‌ನಿಂದ ಮುಚ್ಚದಿದ್ದರೆ ಅಲ್ಲಿಯವರೆಗಿನ ಶ್ರಮ ನೀರುಪಾಲು.

ಪ್ರೈಮರ್ ವಿಷಯದಲ್ಲಿ ಬರಿಯ ಉಕ್ಕಿನ ಮೇಲೆ ಟೂ-ಪ್ಯಾಕ್ ಎಪಾಕ್ಸಿ, ಅಂದರೆ ಬಳಸುವ ಮುನ್ನ ಎರಡು ಭಾಗ ಬೆರೆಸುವ ಬಗೆಯದು, ಎರಡು ಕೋಟ್ ಇರಲಿ ಎನ್ನುತ್ತೇನೆ. ಹಾಗೆ ಬೆರೆಸದೆ ಡಬ್ಬಿಯಿಂದಲೇ ಹಚ್ಚುವ ಹಳೆಯ ಒನ್-ಪ್ಯಾಕ್ ಬಣ್ಣದ ಮೇಲೆ ಮಾತ್ರ ಅದನ್ನು ಹಚ್ಚಬಾರದು. ಎಪಾಕ್ಸಿಯ ಬಲವಾದ ದ್ರಾವಕ ಕೆಳಗಿನ ಪದರವನ್ನು ಕರಗಿಸಿ ಸುಕ್ಕುಗಟ್ಟಿಸುತ್ತದೆ. ಹಳೆಯದು ಯಾವ ಬಗೆಯದೆಂದು ತಿಳಿಯಲು ಸೆಲ್ಯುಲೋಸ್ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದು ಮೂಲೆಯಲ್ಲಿ ಕೆಲವು ನಿಮಿಷ ಒತ್ತಿ ಇಟ್ಟರೆ ಸಾಕು. ಬಣ್ಣ ಮೆದುವಾಗಿ ಎದ್ದರೆ ಅದು ಒನ್-ಪ್ಯಾಕ್. ಮೇಲ್ಪದರಕ್ಕೆ ಹೆಚ್ಚಿನವರು ಬಳಸುವುದು ಕ್ರಾಫ್ಟ್‌ಮಾಸ್ಟರ್, ರೈಲಾರ್ಡ್, ಎಪಿಫೇನ್ಸ್ ಮುಂತಾದ ಒನ್-ಪ್ಯಾಕ್ ಎನಾಮೆಲ್‌ಗಳು. ಟೂ-ಪ್ಯಾಕ್ ಪಾಲಿಯುರೆಥೇನ್ ಇನ್ನೂ ಗಟ್ಟಿ. ಆದರೆ ಅದರಲ್ಲಿ ಐಸೊಸಯನೇಟ್ ಇರುವುದರಿಂದ ಸ್ಪ್ರೇ ಮಾಡುವವರಿಗೆ ಹೊರಗಿನಿಂದ ಗಾಳಿ ಕೊಡುವ ಮುಖವಾಡ ಬೇಕು, ಇಲ್ಲದಿದ್ದರೆ ಆಸ್ತಮಾ ಬರುವ ಅಪಾಯವಿದೆ. ಸೇತುವೆಗೂ ಲಾಕ್ ಗೋಡೆಗೂ ಉಜ್ಜಿಕೊಂಡೇ ಸಾಗುವ ದೋಣಿಗೆ, ಗೀರಿದ ಕಡೆ ಮಾಲೀಕರೇ ತಿದ್ದಿಕೊಳ್ಳಬಹುದಾದ ಎನಾಮೆಲ್ ಮೇಲು ಎಂದು ನನಗನ್ನಿಸುತ್ತದೆ.

ಪ್ರಮಾಣ ನೋಡೋಣ. 42 ಅಡಿ ಉದ್ದ, ಮೂರೂವರೆ ಅಡಿ ಎತ್ತರದ ಕ್ಯಾಬಿನ್ ಗೋಡೆ ಎರಡೂ ಬದಿ ಸೇರಿ 294 ಚದರ ಅಡಿ, ಅಂದರೆ ಸುಮಾರು 27 ಚದರ ಮೀಟರ್. ಲೀಟರಿಗೆ 12 ಚದರ ಮೀಟರ್ ಹಿಡಿದರೆ ಒಂದು ಕೋಟ್‌ಗೆ ಎರಡೂಕಾಲು ಲೀಟರ್. ಎರಡು ಅಂಡರ್‌ಕೋಟ್, ಮೂರು ಎನಾಮೆಲ್ ಎಂದು ಒಪ್ಪಂದವಾಗಿದ್ದರೆ ಗೋಡೆಗಳಿಗಷ್ಟೇ ಏಳು ಲೀಟರ್ ಹತ್ತಿರ ಎನಾಮೆಲ್ ಬೇಕು. ಎರಡೂವರೆ ಲೀಟರಿನ ಒಂದೇ ಡಬ್ಬಿ ಖಾಲಿಯಾಗಿದ್ದರೆ ಉಳಿದ ಕೋಟ್‌ಗಳು ಎಲ್ಲಿ ಹೋದವು ಎಂದು ಕೇಳುವ ಹಕ್ಕು ನಿಮಗಿದೆ. ದಪ್ಪಗೆ ಒಂದೇ ಕೋಟ್ ಎಳೆದರೂ ಆಗುವುದಿಲ್ಲ. ಮೇಲೆ ಕೆನೆಗಟ್ಟಿ, ಒಳಗೆ ಹಸಿಯಾಗಿ ಉಳಿದು ಸುಕ್ಕಾಗುತ್ತದೆ, ಇಲ್ಲವೇ ಸೋರಿಳಿಯುತ್ತದೆ.

ಬಣ್ಣ ಆರಿಸುವಾಗ ಛಾವಣಿಗೆ ತಿಳಿ ಬಣ್ಣವನ್ನೇ ಆರಿಸಿಕೊಳ್ಳಿ. ಕಡು ನೀಲಿ, ಕಪ್ಪು ಛಾವಣಿಗಳು ಬೇಸಿಗೆಯಲ್ಲಿ ಕೈ ಇಡಲಾಗದಷ್ಟು ಕಾದು, ಬಣ್ಣವೂ ಬೇಗ ಸುಸ್ತಾಗುತ್ತದೆ, ಒಳಗಿರುವವರೂ ಬೇಯುತ್ತಾರೆ. ನಡೆದಾಡುವ ಜಾಗಕ್ಕೆ ಜಾರದಂತೆ ಒಣಗಿಸಿದ ಮರಳನ್ನೋ ಅದಕ್ಕೆಂದೇ ಸಿಗುವ ಪುಡಿಯನ್ನೋ ಸೇರಿಸಿ ಎಂದು ಹೇಳಿ. ಕೆಂಪು ಬೇಗ ಮಾಸುತ್ತದೆ ಎಂಬುದು ನೆನಪಿರಲಿ.

ಬಣ್ಣ ಹಚ್ಚಲು ದೋಣಿ ನಿಲ್ಲಿಸುವ ಪೇಂಟ್ ಡಾಕ್ ನೋಡದೆ ಒಪ್ಪಂದಕ್ಕೆ ಸಹಿ ಹಾಕಬೇಡಿ. ಮುಚ್ಚಿದ, ಬಿಸಿ ವ್ಯವಸ್ಥೆಯುಳ್ಳ ಶೆಡ್ ಬೇಕು. ಗಾಳಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತೇವಾಂಶ ಶೇ 85ಕ್ಕಿಂತ ಕೆಳಗೆ, ಉಕ್ಕಿನ ಮೈ ಇಬ್ಬನಿಗಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚು, ಇದು ಬಣ್ಣದ ಕೆಲಸದ ಸಾಮಾನ್ಯ ನಿಯಮ. ಶೆಡ್ಡಿನೊಳಗೂ ದೋಣಿ ನೀರಿನಲ್ಲೇ ತೇಲುತ್ತಿದ್ದರೆ ಕೊನೆಯದು ಕಷ್ಟ. ಕಾಲುವೆಯ ತಣ್ಣನೆಯ ನೀರು ಉಕ್ಕನ್ನು ತಣ್ಣಗಿಟ್ಟಿರುತ್ತದೆ, ಶೆಡ್ಡಿನ ಬೆಚ್ಚಗಿನ ಗಾಳಿಯ ತೇವ ಗೋಡೆಯ ಕೆಳಭಾಗದಲ್ಲಿ ಹನಿಗಟ್ಟುತ್ತದೆ. ಅದರ ಮೇಲೆ ಬಿದ್ದ ಎನಾಮೆಲ್ ಹೊಳಪು ಕಳೆದುಕೊಂಡು ಮಂಜುಮಂಜಾಗುತ್ತದೆ. ಸಂಜೆ ಹೊತ್ತು ತಡವಾಗಿ ಹಚ್ಚಿದರೂ ಹೀಗೆಯೇ. ಒಳ್ಳೆಯ ಪೇಂಟರ್ ಬಳಿ ತೇವಾಂಶ ಅಳೆಯುವ ಮೀಟರ್ ಇರುತ್ತದೆ, ಅದರ ದಿನದಿನದ ಲೆಕ್ಕವೂ ಇರುತ್ತದೆ.

ಹೆಸರು ಬರೆಯುವ ಕೆಲಸ ಮತ್ತು ಕ್ಯಾಬಿನ್ನಿನ ಸಾಂಪ್ರದಾಯಿಕ ಗುಲಾಬಿ–ಕೋಟೆ ಚಿತ್ರಗಳು ಬೇರೆಯೇ ಕಸುಬು. ಗೋಡೆಗೆ ಎನಾಮೆಲ್ ಎಳೆಯುವವರೇ ಅದನ್ನೂ ಬರೆಯುತ್ತಾರೆಂಬ ಖಾತ್ರಿಯಿಲ್ಲ. ಹಳೆಯ ಅಕ್ಷರ ಉಳಿಸಿಕೊಳ್ಳುವ ಆಸೆಯಿದ್ದರೆ ಉಜ್ಜುವ ಮೊದಲೇ ಟ್ರೇಸಿಂಗ್ ಕಾಗದದಲ್ಲಿ ಪಡಿಯಚ್ಚು ತೆಗೆದು, ಗೋಡೆಯ ಅಂಚಿನಿಂದ ಇರುವ ದೂರವನ್ನೂ ಗುರುತು ಹಾಕಿಕೊಳ್ಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಕಾಲುವೆಗಳನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ನಿಯಮದಂತೆ ದೋಣಿಯ ಹೆಸರು, ನೋಂದಣಿ ಸಂಖ್ಯೆ ಹೊರಗಿನಿಂದ ಕಾಣುತ್ತಿರಬೇಕು. ಹೊಸ ಬಣ್ಣದ ಸಂಭ್ರಮದಲ್ಲಿ ಸಂಖ್ಯೆ ಮರೆತುಹೋಗದಿರಲಿ.

ಬ್ಲ್ಯಾಕಿಂಗ್ ಬಗ್ಗೆ ಒಂದೆರಡು ಮಾತು ಸಾಕು. ಬಿಟುಮೆನ್ ಅಗ್ಗ, ಆದರೆ ಎರಡು–ಮೂರು ವರ್ಷಕ್ಕೊಮ್ಮೆ ಮತ್ತೆ ಬೇಕು. ಎಪಾಕ್ಸಿ ಹೆಚ್ಚು ಬಾಳುತ್ತದೆ, ಆದರೆ ಬಿಟುಮೆನ್ ಮೇಲೆ ಹಿಡಿಯುವುದಿಲ್ಲ. ಹಳೆಯದನ್ನು ಬರಿಯ ಉಕ್ಕಿನವರೆಗೆ ಬ್ಲಾಸ್ಟ್ ಮಾಡಿ ತೆಗೆಯಬೇಕು. ನೀರಿನೊಳಗಿನ ಮೈಗೆ ಬೆಸೆದ, ಉಕ್ಕಿನ ಬದಲು ತಾವೇ ಸವೆದು ಅದನ್ನು ಕಾಯುವ ಮೆಗ್ನೀಸಿಯಂ ಆನೋಡ್‌ಗಳ ಮೇಲೆ ಲೇಪ ಬಿದ್ದರೆ ಅವು ಕೆಲಸಕ್ಕೆ ಬಾರವು.

ಹಣದ ಮಾತಿಗೆ ಬಂದರೆ, ಹೇಳಿದ ದರದಲ್ಲಿ ಶೇ 20ರ ವ್ಯಾಟ್ ಸೇರಿದೆಯೇ ಎಂದು ಮೊದಲು ಕೇಳಿ. 9,000 ಪೌಂಡ್ ಎಂದದ್ದು ಕೊನೆಗೆ 10,800 ಆಗುವುದು ಇಲ್ಲೇ. ಪೂರ್ತಿ ಹಣ ಮುಂಚಿತವಾಗಿ ಕೊಡಬಾರದು. ಡಾಕ್ ಕಾಯ್ದಿರಿಸಲು ಒಂದು ಕಂತು, ಬರಿಯ ಉಕ್ಕು ಮತ್ತು ಪ್ರೈಮರ್ ನೋಡಿದ ಮೇಲೆ ಒಂದು, ಅಂಡರ್‌ಕೋಟ್ ಮುಗಿದಾಗ ಒಂದು, ದೋಣಿ ಕೈಗೆ ಬಂದಾಗ ಉಳಿದದ್ದು ಎಂಬ ಏರ್ಪಾಡಿದ್ದರೆ ಆಯಾ ಹಂತದಲ್ಲಿ ಹೋಗಿ ನೋಡಲು ದಾರಿಯೂ ಆಗುತ್ತದೆ. ಪ್ರೈಮರ್ ಕೆಳಗೆ ಏನಾಯಿತೆಂದು ಆಮೇಲೆ ಯಾರೂ ಹೇಳಲಾರರು. ಮೊದಲ ಕಂತನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುವುದು ಜಾಣತನ. ಬೆಲೆ 100 ಪೌಂಡ್‌ಗಿಂತ ಹೆಚ್ಚು, 30,000 ಪೌಂಡ್ ಮೀರದಷ್ಟು ಇದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕೊಟ್ಟ ಸಂಸ್ಥೆಯೂ ಹೊಣೆಯಾಗುತ್ತದೆ. ಕೆಲಸದಲ್ಲಿ ತಕ್ಕಷ್ಟು ಎಚ್ಚರ, ಕೌಶಲ ಇರಲೇಬೇಕೆಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದಿಲ್ಲದಿದ್ದರೆ ಮತ್ತೆ ಮಾಡಿಕೊಡಿ ಎಂದು ಕೇಳಬಹುದು. ಆದರೆ ಎಷ್ಟು ಕೋಟ್, ಯಾವ ಪ್ರೈಮರ್ ಎಂದು ಬರಹದಲ್ಲಿ ಇಲ್ಲದಿದ್ದರೆ ವಾದ ನಿಲ್ಲುವುದು ಕಷ್ಟ. ದೋಣಿ ಅವರ ವಶದಲ್ಲಿರುವಾಗ ಬೆಂಕಿ, ಮುಳುಗಡೆಗೆ ವಿಮೆ ಯಾರದು ಎಂಬ ಪತ್ರವನ್ನೂ ನೋಡಬೇಕು.

ದೋಣಿ ವಾಪಸು ಪಡೆಯುವ ದಿನ ಹೊಳಪು ನೋಡುವ ಮೊದಲು ಗಾಳಿಕಿಂಡಿಗಳನ್ನು ನೋಡಿ. ಬಣ್ಣ ಹೊಡೆಯುವಾಗ ಅಂಟಿಸಿದ ಟೇಪ್ ಅಲ್ಲೇ ಉಳಿದು, ಆ ರಾತ್ರಿ ಒಳಗೆ ಒಲೆ ಹೊತ್ತಿಸಿದರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯಬಲ್ಲದು. ಗ್ಯಾಸ್ ಸಿಲಿಂಡರ್ ಪೆಟ್ಟಿಗೆಯ ತಳದ ರಂಧ್ರ ಬ್ಲ್ಯಾಕಿಂಗ್‌ನಿಂದ ಮುಚ್ಚಿಹೋಗಿಲ್ಲವೆಂದೂ ಖಾತ್ರಿ ಮಾಡಿಕೊಳ್ಳಿ, ಸೋರಿದ ಗ್ಯಾಸ್ ಹೊರಹೋಗಲು ಇರುವ ದಾರಿ ಅದೊಂದೇ. ಎನಾಮೆಲ್ ಕೈಗೆ ಅಂಟದಂತಾದರೂ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಒಂದು ತಿಂಗಳು ವ್ಯಾಕ್ಸ್ ಬೇಡ, ಕ್ಯಾನ್ವಾಸ್ ಹೊದಿಕೆಯನ್ನು ಬಿಗಿದು ಕಟ್ಟುವುದೂ ಬೇಡ. ತೇವ ಸಿಕ್ಕಿಕೊಂಡು ಬಟ್ಟೆಯ ಅಚ್ಚು ಹಾಗೇ ಉಳಿಯುತ್ತದೆ. ಮಿಕ್ಕ ಬಣ್ಣದ ಡಬ್ಬಿಗಳನ್ನು ಬ್ಯಾಚ್ ಸಂಖ್ಯೆಯ ಸಮೇತ ಕೇಳಿ ತೆಗೆದುಕೊಳ್ಳಿ. ಮೊದಲ ಗೀರು ಬೀಳುವುದು ಹೆಚ್ಚು ದೂರವಿರುವುದಿಲ್ಲ, ಬೇರೆ ಬ್ಯಾಚಿನ ಬಣ್ಣ ಪಕ್ಕದಲ್ಲಿ ಹೊಂದುವುದೂ ಅಪರೂಪ.

ಇಂತಿ,
ಕಾಲುವೆ ದೋಣಿಗಳ ಕೆಲಸ ಬಲ್ಲ ಓದುಗ, ಇಂಗ್ಲೆಂಡ್