ಸಲೀತ: ಒಂದೇ ಪದ, ಎರಡು ದಾರಿ

ಎಲ್ಲರಿಗೂ ನಮಸ್ಕಾರ. ಈ ವಾರದ ಪದ 'ಸಲೀತ'. ಇಟಾಲಿಯನ್‌ನಲ್ಲಿ ಇದು ಏರು, ಹತ್ತುವ ದಾರಿ. 'ಸಲೀರೆ' ಅಂದರೆ ಹತ್ತುವುದು, ಅದರಿಂದಲೇ ಬಂದದ್ದು. ಜೆನೋವಾ ಊರಿಗೆ ಹೋದರೆ ಬೀದಿ ಹೆಸರಿನ ಫಲಕದಲ್ಲೇ ಈ ಪದ ಸಿಗುತ್ತೆ, ಬೆಟ್ಟಕ್ಕೆ ಅಂಟಿಕೊಂಡ ಊರು ಅಲ್ವಾ, ಎಷ್ಟೋ ಕಡಿದಾದ ಓಣಿಗಳಿಗೆ 'ಸಲೀತ' ಇಂಥದ್ದು ಅಂತಲೇ ಹೆಸರಿಟ್ಟಿದ್ದಾರೆ.

ಫಿಲಿಪೈನ್ಸ್‌ನ ತಗಾಲೊಗ್‌ನಲ್ಲಿ ಅದೇ ಅಕ್ಷರಗಳಿಗೆ ಮಾತು, ಪದ ಅನ್ನೋ ಅರ್ಥ. 'ಮಗ್‌ಸಲಿತಾ' ಅಂದರೆ ಮಾತಾಡು. ಉಚ್ಚಾರ ಮಾತ್ರ ಬೇರೆ. ಒತ್ತು ಕೊನೆಗೆ ಬೀಳುತ್ತೆ, 'ತಾ' ಅಂದ ತಕ್ಷಣ ಗಂಟಲಲ್ಲಿ ತಟ್ಟನೆ ನಿಲ್ಲಿಸಬೇಕು. ಇಟಾಲಿಯನ್‌ನಲ್ಲಿ 'ಲೀ' ಎಳೀಬೇಕು.

ನನಗೆ ತುಂಬಾ ಇಷ್ಟವಾದದ್ದು ಇದು: ತಗಾಲೊಗ್ ಪದ ಮಲಯ್ ಭಾಷೆಯ 'ಚೆರಿತ', ಅಂದರೆ ಕಥೆ, ಅದರಿಂದ ಬಂದದ್ದು ಅಂತಾರೆ. ಆ ಚೆರಿತದ ಮೂಲ ಸಂಸ್ಕೃತದ 'ಚರಿತ'. ಹಾಗಾದರೆ ನಮ್ಮ 'ಚರಿತೆ'ಗೆ ಇದು ದೂರದ ನೆಂಟ!

ಇಂಥ ಜೋಡಿ ಗೊತ್ತಿದ್ದರೆ ಭಾನುವಾರದೊಳಗೆ ಹಾಕಿ. ಭಾಷೆಯ ಹೆಸರು ತಪ್ಪದೆ ಬರೆಯಿರಿ, ಉಚ್ಚಾರ ಧ್ವನಿಯಲ್ಲೇ ಕಳಿಸಿದರೆ ಇನ್ನೂ ಒಳ್ಳೇದು.