ಎರಡನೇ ಬಾಳೆಹಣ್ಣು

ಬೆಟಗೇರಿ
ಮಾರ್ಚ್ 8, 2026

ಪ್ರೀತಿಯ ಮಗಳಿಗೆ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಫೋನ್ ಮಾಡಿದಾಗ ಮಾತಿನ ನಡುವೆ ಕತ್ತರಿ ಸಪ್ಪಳ ಕೇಳಿಸುತ್ತಿತ್ತು. ಚಾರ್ಟ್ ಪೇಪರಿನಲ್ಲಿ ಮೀನು ಕತ್ತರಿಸುತ್ತಿದ್ದೆಯಂತೆ, ಎಂಬತ್ತು ಮೀನು. ಚರ್ಚಿನಲ್ಲಿ ಮಕ್ಕಳಿಗೆ ನೀನು ನಡೆಸುವ ರಜಾ ಬೈಬಲ್ ಶಾಲೆ, ಆ ವಿಬಿಎಸ್‌ಗೆ ಇನ್ನೂ ತಿಂಗಳಿದೆ, ಆಗಲೇ ನಿನ್ನ ದನಿ ಬಿದ್ದುಹೋಗಿದೆ. ಫೋನಿನಲ್ಲಿ ಹೇಳಿದರೆ "ಆಯ್ತವ್ವ, ಆಯ್ತವ್ವ" ಅಂತ ಇಟ್ಟುಬಿಡುತ್ತೀ. ಅದಕ್ಕೇ ಚರ್ಚಿನಿಂದ ಬಂದವಳು ಊಟಕ್ಕೂ ಮೊದಲು ಬರೆಯಲು ಕೂತಿದ್ದೇನೆ.

ಮೊದಲು ತಾರೀಖಿನ ಮಾತು. ಈ ಸಲ ಈಸ್ಟರ್ ಏಪ್ರಿಲ್ 5ಕ್ಕೆ. ಮರುದಿನ ಸೋಮವಾರವೇ ಶುರು ಅಂದೆಯಲ್ಲ, ಇದು ಯಾರಿಗೆ ಹೊಳೆದದ್ದು? ಗುರುವಾರ ರಾತ್ರಿ ಆರಾಧನೆ, ಗುಡ್ ಫ್ರೈಡೆಗೆ ಮಧ್ಯಾಹ್ನ ಹನ್ನೆರಡರಿಂದ ಮೂರು, ಭಾನುವಾರ ನಸುಕಿಗೇ ಎದ್ದು ಮತ್ತೆ ಆರಾಧನೆ. ಹಾಡುವವರು, ಕುರ್ಚಿ ಹಾಕುವವರು, ಕಾಫಿ ಮಾಡುವವರು ಎಲ್ಲ ಸಭೆಯಲ್ಲೂ ಅದೇ ಹತ್ತು ಮಂದಿ. ಸರ್ಕಾರಿ ಶಾಲೆಗಳಿಗೆ ರಜೆ ಬೀಳುವುದೂ ಏಪ್ರಿಲ್ ಹತ್ತರ ಸುಮಾರಿಗೆ. 20ಕ್ಕೆ ಇಟ್ಟುಕೋ. ಹತ್ತು ದಿನ ಬೇಡ, ಐದು ದಿನ ಸಾಕು. ಒಂಬತ್ತಕ್ಕೆ ಪ್ರಾರ್ಥನೆ, ಹನ್ನೆರಡಕ್ಕೆ ಮನೆಗೆ.

ಈಗ ನಿನಗೆ ಯಾವತ್ತೂ ಹೇಳದ ಒಂದು ಸಂಗತಿ. ನಿನಗೆ ಆಗ ಆರು ವರ್ಷ, ಸಂಡೇ ಸ್ಕೂಲ್ ನನ್ನ ಕೈಯಲ್ಲಿತ್ತು. ಹಾಡು ಕಲಿಸುವವಳು ನಾನು, ಬ್ಯಾನರ್ ಬರೆಸುವವಳು ನಾನು, ಮಾರ್ಕೆಟ್ಟಿಗೆ ಹೋಗಿ ಬಾಳೆಹಣ್ಣು ತರುವವಳೂ ನಾನೇ. ಆ ವರ್ಷದ ವಿಬಿಎಸ್‌ನ ನಾಲ್ಕನೇ ದಿನ ಹಣ್ಣು ಹಂಚುವಾಗ ಒಬ್ಬ ಹುಡುಗ ಎರಡನೇ ಸಲ ಕೈ ಚಾಚಿದ. ನಮ್ಮ ಸಭೆಯವನಲ್ಲ, ಹಿಂದಿನ ಓಣಿಯ ನೇಕಾರರ ಮನೆಯವನು. ಕಾಲಲ್ಲಿ ಒಂದು ಚಪ್ಪಲಿ ನೀಲಿ, ಇನ್ನೊಂದು ಕಂದು. "ನಾಚಿಕಿ ಇಲ್ಲೇನು, ಮತ್ತ ಬಂದೀಯಲ್ಲ" ಅಂತ ಎಲ್ಲರೆದುರು ಗದರಿಬಿಟ್ಟೆ. ಅವನು ಕೈ ಚಡ್ಡಿಗೆ ಒರೆಸಿಕೊಂಡು ಹೋದ. ಮರುದಿನ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಆ ದಿನದ ಕಥೆ ಯೇಸು ಐದು ರೊಟ್ಟಿ ಎರಡು ಮೀನಿನಲ್ಲಿ ಸಾವಿರಾರು ಜನರಿಗೆ ಉಣಿಸಿದ್ದು. ಎಲ್ಲರೂ ತಿಂದ ಮೇಲೆ ಹನ್ನೆರಡು ಪುಟ್ಟಿ ಉಳಿಯಿತು ಅಂತ ಹತ್ತು ನಿಮಿಷ ಮುಂಚೆ ನಾನೇ ಕೈಬೀಸಿ ಹೇಳಿದ್ದೆ. ಸಂಜೆ ನೋಡಿದರೆ ಬುಟ್ಟಿಯಲ್ಲಿ ಒಂದೂವರೆ ಡಜನ್ ಹಣ್ಣು ಹಾಗೇ ಕುಳಿತಿತ್ತು.

ನಾನು ಕೆಟ್ಟವಳಾಗಿರಲಿಲ್ಲ ಮಗಳೇ, ಮೂರು ರಾತ್ರಿ ನಿದ್ದೆ ಇರಲಿಲ್ಲ. ಆದರೆ ಅದು ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು?

ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ತೆಗೆದು ಪಾಸ್ಟರುಗಳು ಆಡಳಿತದ ಪಾಠ ಹೇಳುತ್ತಾರೆ: ಎಲ್ಲ ಒಬ್ಬನೇ ಹೊರಬೇಡ, ಕೆಲಸ ಹಂಚು ಅಂತ ಮೋಶೆಗೆ ಮಾವ ಇತ್ರೋ ಹೇಳಿದ, ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ. ನನಗೆ ಕಾಣುವುದೇ ಬೇರೆ. ಇತ್ರೋ ಅವತ್ತು ಒಬ್ಬನೇ ಬಂದಿರಲಿಲ್ಲ, ಮಗಳು ಚಿಪ್ಪೋರಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರಕೊಂಡು ಬಂದಿದ್ದ. ಅಗಲಿದ್ದ ಹೆಂಡತಿ ಮಕ್ಕಳು ಬಂದಿದ್ದಾರೆ, ಅಳಿಯ ಮೋಶೆ ಮರುದಿನವೇ ಬೆಳಗಿನಿಂದ ಸಂಜೆವರೆಗೆ ಜನರ ನ್ಯಾಯ ಬಿಡಿಸುತ್ತ ಕೂತಿದ್ದಾನೆ. ಹೆಣ್ಣು ಕೊಟ್ಟವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಿನ್ನೆ ನಮ್ಮ ಅಳಿಯಂದಿರು ಒಬ್ಬರೇ ಕೂಸಿಗೆ ಉಣಿಸಿ ಮಲಗಿಸಿದರು ಅಂದೆ. ಅವರು ಏನೂ ಅಂದಿಲ್ಲ, ಗೊತ್ತು. ಅನ್ನುವವರೆಗೆ ಕಾಯಬೇಡ.

ಕೆಲಸ ಹಂಚಿದ್ದೇನೆ ಅಂತೀ. ತಿಂಡಿ ಒಬ್ಬರಿಗೆ ವಹಿಸಿದ್ದೀ ಸರಿ, ಆದರೆ ದುಡ್ಡು ನಿನ್ನ ಪರ್ಸಿನಲ್ಲಿದೆ, ಬಿಸ್ಕತ್ತಿಗೂ ಅವರು ನಿನಗೇ ಫೋನ್ ಹೊಡೆಯಬೇಕು. ಇದಕ್ಕೆ ಹಂಚುವುದು ಅನ್ನುವುದಿಲ್ಲ. ಟ್ರೆಜರರ್‌ಗೆ ಹೇಳಿ ಐದೂ ದಿನದ ತಿಂಡಿ ದುಡ್ಡು ಒಂದೇ ಸಲ ಅವರ ಕೈಗೆ ಕೊಡಿಸು, ಬಿಲ್ಲು ತಂದುಕೊಡಲಿ. ಉಪ್ಪಿಟ್ಟು ಗಂಟಾದರೆ ಆಗಲಿ. ಆರಾಧನೆ ಮುಗಿದ ಮೇಲೆ ಮೈಕಿನಲ್ಲಿ "ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಕೂಗಿದರೆ ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡುತ್ತಾರೆ. ಮನೆಗೆ ಹೋಗು, ಟೀ ಕುಡಿ, "ಆಂಟೀ, ಬುಧವಾರ ಒಂದೇ ದಿನ, ಗೇಟಿನಲ್ಲಿ ಮಕ್ಕಳ ಹೆಸರು ಬರಕೊಳ್ಳೋಕೆ ಬರ್ತೀರಾ" ಅಂತ ಕೇಳು. ಇಷ್ಟು ಸಣ್ಣದಕ್ಕೆ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ಮೀನುಗಳನ್ನು ಮಕ್ಕಳೇ ಕತ್ತರಿಸಲಿ. ಬಾಲ ಡೊಂಕಾದರೆ ಅದು ಅವರದೇ ಮೀನು.

ಅಲಂಕಾರದ ಆ ಥರ್ಮಾಕೋಲ್ ದೋಣಿ ಪೂರ್ತಿ ಬಿಟ್ಟುಬಿಡು. ವಿಬಿಎಸ್‌ನ ಬೇರು ಹುಡುಕಿ ಹೋದರೆ 1898ರ ನ್ಯೂಯಾರ್ಕ್ ಸಿಗುತ್ತದೆ. ಬೀದಿಯಲ್ಲಿ ಅಲೆಯುತ್ತಿದ್ದ ಬಡಮಕ್ಕಳಿಗೆ ಎಲೈಝಾ ಹಾಸ್ ಎಂಬಾಕೆ ಬೇಸಿಗೆಯಲ್ಲಿ ಪಾಠ ಮಾಡಿದ್ದು ಬಾಡಿಗೆಗೆ ಹಿಡಿದ ಬಿಯರ್ ಹಾಲಿನಲ್ಲಿ! ನಿಮ್ಮ ಕಮಿಟಿಯವರಿಗೆ ಇದನ್ನು ಹೇಳಿ ಅವರ ಮುಖ ನೋಡಬೇಕು.

ಮುಗಿದ ಮಾರನೇ ಭಾನುವಾರ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರು. ಲೆಕ್ಕಪತ್ರ, ಆದ ತಪ್ಪುಗಳ ಚರ್ಚೆ ಎಲ್ಲ ಎರಡು ವಾರ ಬಿಟ್ಟು. ಗಿಡದ ಕೆಳಗೆ ಸಾವು ಬೇಡಿ ಮಲಗಿದ್ದ ಪ್ರವಾದಿ ಎಲೀಯನನ್ನು ದೇವದೂತ ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. "ಇಲ್ಲೇನು ಮಾಡುತ್ತಿದ್ದೀ" ಎಂಬ ದೇವರ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದ ಮೇಲೆ. ಕಮಿಟಿಯವರು ಅಷ್ಟು ಕಾಯುವುದಿಲ್ಲ, ಎರಡು ವಾರವಾದರೂ ಕಾಯಲಿ.

18ಕ್ಕೆ ನಾನು ರೈಲು ಹತ್ತುತ್ತೇನೆ, ಶೇಂಗಾ ಉಂಡಿ ಕಟ್ಟಿಕೊಂಡು. ನನಗೆ ಹಾಡು ಕಥೆ ಏನೂ ಕೊಡಬೇಡ, ಮೊಣಕಾಲು ಮಾತು ಕೇಳುವುದಿಲ್ಲ. ಹಣ್ಣಿನ ಬುಟ್ಟಿ ಹತ್ತಿರ ಒಂದು ಕುರ್ಚಿ ಹಾಕಿಸು. ಎಂಬತ್ತು ಮಕ್ಕಳಲ್ಲವೇ, ಹತ್ತು ಡಜನ್ ತರಿಸು.

ನಿನ್ನ ಅವ್ವ