ಉಂಡೆ ಡಬ್ಬಿಯ ಅಡಿಯಲ್ಲಿಟ್ಟ ಕಾಗದ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸಾಗರದಿಂದ ರಾತ್ರಿ ಬಸ್ಸಿಗೆ ಕೊಟ್ಟ ಡಬ್ಬಿ ಕೈಸೇರಿತು ಅಂದುಕೊಂಡಿದ್ದೀನಿ. ಮೇಲಿನದು ಮೆಂತ್ಯದ ಉಂಡೆ, ಕೆಳಗಿನದು ಅಂಟಿನುಂಡೆ. ಅದರಡಿ ಬೇಕೆಂತಲೇ ಈ ಕಾಗದ ಇಟ್ಟಿದ್ದೀನಿ. ಫೋನ್ ಮಾಡಿದಾಗೆಲ್ಲ ಸ್ಪೀಕರ್ ಹಾಕಿರುತ್ತಾರೆ, ಸುತ್ತ ನಾಲ್ಕು ಜನ ಕೂತಿರುತ್ತಾರೆ. ಮೊನ್ನೆ "ಚೆನ್ನಾಗಿದ್ದೀನಿ ದೊಡ್ಡಮ್ಮ" ಅಂದೆ, ಆದರೆ ನಿನ್ನ ದನಿ ಹಾಗನ್ನಲಿಲ್ಲ. ಅಷ್ಟರಲ್ಲಿ ಮಾತು ಮಗುವಿನ ತೂಕಕ್ಕೆ ಹೋಯಿತು, ಮೂಗು ಯಾರದು ಅನ್ನುವುದಕ್ಕೆ ಹೋಯಿತು. ನಿನ್ನ ಹೊಟ್ಟೆಯ ಹೊಲಿಗೆ ಹೇಗಿದೆ ಅಂತ ಕೇಳಬೇಕೆಂದಿದ್ದವಳು ಕೇಳಲಾಗದೆ ಫೋನಿಟ್ಟೆ. ರಾತ್ರಿಯೆಲ್ಲ ಅದೇ ಮನಸ್ಸಿನಲ್ಲಿತ್ತು.

ನೀನು ಹೆತ್ತು ಇವತ್ತಿಗೆ ಹನ್ನೆರಡು ದಿನ. ಆಸ್ಪತ್ರೆಯವರು ಮನೆಗೆ ಕಳಿಸಿದ ಮಾತ್ರಕ್ಕೆ ಮೈ ವಾಸಿಯಾಯಿತು ಅಂತಲ್ಲ. ಹೆತ್ತ ಹೊತ್ತಿಗೆ ಗರ್ಭಕೋಶ ಹತ್ತಿರ ಹತ್ತಿರ ಒಂದು ಕಿಲೋ ತೂಗುತ್ತೆ. ಅದು ಕುಗ್ಗಿ 60-70 ಗ್ರಾಮಿಗೆ ಇಳಿಯುವುದಕ್ಕೆ ಆರು ವಾರ ಹಿಡಿಯುತ್ತೆ. ನಿನ್ನದು ಸಿಸೇರಿಯನ್. ಹೊರಗೆ ಕಾಣುವ ಗೆರೆ ಒಂದೇ ಆದರೂ ಒಳಗೆ ಪದರ ಪದರವಾಗಿ ಹೊಲಿಗೆ ಬಿದ್ದಿರುತ್ತೆ, ಗರ್ಭಕೋಶಕ್ಕೂ ಬಿದ್ದಿರುತ್ತೆ. ಅದಕ್ಕೇ ಹಾಸಿಗೆಯಿಂದ ಸೀದಾ ಏಳಬೇಡ. ಮೊದಲು ಮಗ್ಗುಲಾಗು, ಕಾಲು ಕೆಳಗೆ ಬಿಡು, ಆಮೇಲೆ ಕೈಯೂರಿ ಏಳು. ಕೆಮ್ಮು ಸೀನು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿ. ಆರು ವಾರದವರೆಗೆ ಮಗುವಿಗಿಂತ ಭಾರವಾದದ್ದನ್ನು ಎತ್ತಬೇಡ, ನೀರು ತುಂಬಿದ ಬಕೆಟ್ಟನ್ನಂತೂ ಮುಟ್ಟಲೇಬೇಡ. ಹಾಗಂತ ಮಲಗಿದಲ್ಲೇ ಇರಬಾರದು. ಮನೆಯೊಳಗೇ ದಿನಕ್ಕೆ ನಾಲ್ಕಾರು ಸಲ ನಿಧಾನವಾಗಿ ಓಡಾಡು. ಓಡಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತೆ. ಹಾಲು ಕುಡಿಸುವಾಗ ಹೊಟ್ಟೆಯ ಮೇಲೆ ಭಾರ ಬೀಳುತ್ತಿದ್ದರೆ ಮಗುವಿನ ಕಾಲು ನಿನ್ನ ಕಂಕುಳಡಿ ಹಿಂದಕ್ಕೆ ಹೋಗುವ ಹಾಗೆ ಪಕ್ಕದಲ್ಲಿ ಹಿಡಿ, ಇಲ್ಲವೇ ಮಗ್ಗುಲಾಗಿ ಮಲಗಿ ಕುಡಿಸು.

ಈಗ ನೀರಿನ ವಿಷಯ. ನಾನು ಬಾಣಂತಿಯಾಗಿದ್ದು 1984ರ ಆಷಾಢದಲ್ಲಿ. ಹೊರಗೆ ಮಳೆ ಒಂದು ಗಳಿಗೆ ಬಿಡುತ್ತಿರಲಿಲ್ಲ. ಒಳಗೆ ನನಗೆ ದಿನಕ್ಕೆ ಎರಡೇ ಲೋಟ ಬಿಸಿನೀರು. ನೀರು ಕುಡಿದರೆ ಹೊಟ್ಟೆ ದೊಡ್ಡದಾಗುತ್ತೆ, ಮಗುವಿಗೆ ಶೀತವಾಗುತ್ತೆ ಅಂತ ನಮ್ಮಜ್ಜಿ ನಂಬಿದ್ದರು. ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಒಂದು ದಿನ ಬೆಳಗಿನ ಜಾವ ಬಚ್ಚಲಿಗೆ ಹೋದವಳು ಸ್ನಾನದ ಹಂಡೆಯಿಂದ ಚೊಂಬಿನಲ್ಲಿ ಮೊಗೆದು ಕುಡಿದೆ. ಹೊಗೆಯ ವಾಸನೆಯ ನೀರು. ಆ ರುಚಿ ಇನ್ನೂ ನೆನಪಿದೆ. ಅಜ್ಜಿ ನನ್ನನ್ನು ಎಷ್ಟು ಪ್ರೀತಿಸುತ್ತಿದ್ದರು ಅಂತ ನನಗೆ ಗೊತ್ತು, ಆದರೆ ಆ ಒಂದು ವಿಷಯದಲ್ಲಿ ಅವರ ನಂಬಿಕೆ ತಪ್ಪು. ಹಾಲು ಸರಿಯಾಗಿ ಕಟ್ಟಿದ ಮೇಲೆ ತಾಯಿಯ ಮೈಯಿಂದ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಹೋಗುತ್ತೆ. ಅಷ್ಟು ನೀರು ಬೇರೆಲ್ಲಿಂದ ಬರಬೇಕು? ನೀರು ಕಮ್ಮಿಯಾದರೆ ಮಲಬದ್ಧತೆ, ಉರಿಮೂತ್ರ, ತಿಣುಕಿದರೆ ಹೊಲಿಗೆಗೆ ನೋವು. ಹಾಲು ಕುಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ. ನಿಮ್ಮತ್ತೆಯವರು ತಣ್ಣೀರು ಬೇಡ ಅಂದರೆ ಬೆಚ್ಚಗಿನದೇ ಕುಡಿ, ಅದಕ್ಕೆ ಜಗಳ ಬೇಡ. ಅಳತೆ ಮಾತ್ರ ಬೇಡ.

ನಮ್ಮ ಬಾಣಂತನವನ್ನೇ ನಾನು ಹಳಿಯುತ್ತಿಲ್ಲ ಪುಟ್ಟಿ. ಅದರಲ್ಲಿ ಬಂಗಾರದಂಥದ್ದು ಒಂದಿದೆ: ಹೆತ್ತವಳು ಒಲೆಯ ಮುಂದೆ ನಿಲ್ಲಬಾರದು, ಬಂದವರನ್ನು ಉಪಚರಿಸಬಾರದು, ಹಾಸಿಗೆಯಲ್ಲಿ ಕೂತಲ್ಲಿಗೆ ಬಿಸಿ ಅನ್ನ ಬರಬೇಕು ಅನ್ನುವ ಕಟ್ಟುಪಾಡು. ಅದನ್ನು ಯಾವ ಕಾರಣಕ್ಕೂ ಬಿಡಬೇಡ. ನೀನು ಆಗಲೇ ಲ್ಯಾಪ್‌ಟಾಪ್ ತೆಗೆದು ಆಫೀಸಿನ ಮೇಲ್ ನೋಡುತ್ತೀಯಂತೆ, ನಿಮ್ಮಮ್ಮ ಹೇಳಿದಳು. 2017ರಲ್ಲಿ ಕಾನೂನು ತಿದ್ದಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದು ನಿನ್ನಂಥವರಿಗಾಗಿಯೇ. ಅದು ನಿನ್ನ ಹಕ್ಕು, ಯಾರೋ ಕೊಟ್ಟ ದಾನವಲ್ಲ. ಮಗು ಮಲಗಿದ ಹೊತ್ತು ನೀನೂ ಮಲಗು. ನೋಡಲು ಬಂದವರಿಗೆ ಕಾಫಿ ಕೊಡಲು ಅಳಿಯಂದಿರಿದ್ದಾರೆ.

ಎಣ್ಣೆ ನೀರು ಸ್ನಾನವೂ ಒಳ್ಳೆಯದೇ, ಬೆನ್ನಿಗೂ ಕಾಲಿಗೂ ಎಣ್ಣೆ ತಿಕ್ಕಿಸಿಕೊಂಡರೆ ಹಾಯೆನ್ನಿಸುತ್ತೆ. ಆದರೆ ಗಾಯದ ಹತ್ತಿರ ಎಣ್ಣೆ ಸೋಕಬಾರದು, ಹೊಟ್ಟೆಯನ್ನು ಯಾರೂ ಅಮುಕಬಾರದು, ಕುದಿಯುವ ನೀರನ್ನು ರಭಸವಾಗಿ ಸುರಿಯಬಾರದು. ಸ್ನಾನವಾದ ಮೇಲೆ ಗಾಯವನ್ನು ಒಗೆದ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿಕೋ, ಒಣಗಿರಲಿ. ಹೊಟ್ಟೆಗೆ ಸೀರೆ ಬಿಗಿಯುವ ಪದ್ಧತಿ ನಿಮ್ಮಲ್ಲಿ ಇದ್ದರೆ, ಓಡಾಡುವಾಗ ಆಸರೆಗೆ ಮೆತ್ತಗೆ ಕಟ್ಟಿಕೊಂಡರೆ ಸಾಕು. ಉಸಿರು ಕಟ್ಟುವ ಹಾಗೆ ಬಿಗಿದರೆ ಹೊಟ್ಟೆ ಒಳಗೆ ಹೋಗುವುದಿಲ್ಲ, ಭಾರವೆಲ್ಲ ಕೆಳಕ್ಕೆ ಒತ್ತುತ್ತೆ ಅಷ್ಟೇ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಇದರಿಂದ ತೊಂದರೆಯಿಲ್ಲ, ಹಿರಿಯರ ಸಮಾಧಾನಕ್ಕೆ ಕಟ್ಟಿಕೋ. ಇದ್ದಿಲಿನ ಅಗ್ಗಿಷ್ಟಿಕೆ ಮಾತ್ರ ಕೋಣೆಯೊಳಗೆ ಬೇಡವೇ ಬೇಡ. ನಮ್ಮ ಹಳೇ ಮನೆಯ ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ, ವಾಸನೆಯಿಲ್ಲದ ವಿಷಗಾಳಿ ತುಂಬಿಕೊಳ್ಳುತ್ತೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಊಟ ಬರೀ ತುಪ್ಪ, ಅನ್ನ, ಮೆಣಸಿನ ಸಾರು ಆಗಬಾರದು. ಬೇಳೆ, ಸೊಪ್ಪು, ತರಕಾರಿ, ಹಣ್ಣು, ಹಾಲು, ಮೊಸರು ಎಲ್ಲವೂ ಬೇಕು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿಗೆ ಬೇಕು, ಅಂದರೆ ಇನ್ನೊಂದು ಹೊತ್ತಿನ ಊಟ ಅಂತ ತಿಳಿ. ಸಬ್ಬಸಿಗೆ ಸೊಪ್ಪು ಸಿಕ್ಕರೆ ಪಲ್ಯ ಮಾಡಿಸಿಕೊಂಡು ತಿನ್ನು. ಕಬ್ಬಿಣದ ಮಾತ್ರೆಯನ್ನು ಹೆರಿಗೆಯಾಯಿತು ಅಂತ ನಿಲ್ಲಿಸಿಬಿಡುವವರೇ ಹೆಚ್ಚು. ಅದನ್ನು ಇನ್ನೂ 180 ದಿನ ನುಂಗಬೇಕು. ಕಾಫಿ ಕುಡಿದ ಬೆನ್ನಿಗೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಒಂದು ಬೆಳಿಗ್ಗೆ, ಒಂದು ರಾತ್ರಿ ಇಟ್ಟುಕೋ.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿದವಳಲ್ಲ. ನಿಮ್ಮಮ್ಮನಿಗೂ ಗೊತ್ತಿಲ್ಲ.

ಎರಡನೇ ಹೆರಿಗೆಯಾದ ಮೇಲೆ ನನಗೆ ಸೀನಿದರೆ, ಜೋರಾಗಿ ನಕ್ಕರೆ, ಕೊಡ ಎತ್ತಿದರೆ ಮೂತ್ರ ಜಿನುಗುತ್ತಿತ್ತು. ಮೂವತ್ತು ವರ್ಷ ಹಳ್ಳಿಯ ಉಪಕೇಂದ್ರದಲ್ಲಿ ಸಿಸ್ಟರ್ ಆಗಿದ್ದೆ. ಊರಿನ ಹೆಂಗಸರಿಗೆ ಮನೆಮನೆಗೆ ಹೋಗಿ ಬುದ್ಧಿ ಹೇಳಿದವಳು ನನ್ನದನ್ನು ಮುಚ್ಚಿಟ್ಟೆ. ಮದುವೆ ಮನೆಗೆ ಹೋಗುವಾಗ ಚೀಲದಲ್ಲಿ ಇನ್ನೊಂದು ಲಂಗ ಇಟ್ಟುಕೊಂಡೇ ಹೋಗುತ್ತಿದ್ದೆ. ಬಸ್ಸಿನಲ್ಲಿ ದೂರದೂರಿಗೆ ಹೋಗುವುದನ್ನೇ ಬಿಟ್ಟೆ. ನಿನ್ನ ನಾಮಕರಣಕ್ಕೆ ದೊಡ್ಡಮ್ಮ ಯಾಕೆ ಬರಲಿಲ್ಲ ಅಂತ ನಿಮ್ಮಮ್ಮ ಎಷ್ಟೋ ದಿನ ಮುನಿಸಿಕೊಂಡಿದ್ದಳು. ಕಾರಣ ಇದೇ. ಹೆತ್ತ ಹೆಂಗಸಿನ ಹಣೆಬರಹ ಇಷ್ಟೇ ಅಂದುಕೊಂಡಿದ್ದೆ. ಐವತ್ತು ದಾಟಿದ ಮೇಲೆ ಒಬ್ಬ ಫಿಸಿಯೋಥೆರಪಿ ಹುಡುಗಿ ಬೆನ್ನುನೋವಿಗೆ ಅಂತ ಹೋದವಳನ್ನು ಕೂರಿಸಿಕೊಂಡು ಬಿಡಿಸಿ ಕೇಳಿದಳು, ವ್ಯಾಯಾಮ ಹೇಳಿಕೊಟ್ಟಳು. ನಾಲ್ಕು ತಿಂಗಳಿಗೆ ಮುಕ್ಕಾಲು ಭಾಗ ಕಮ್ಮಿಯಾಯಿತು. ಆವತ್ತು ಮನೆಗೆ ಬಂದು ಅತ್ತೆ. ಕಳೆದುಹೋದ ಅಷ್ಟು ವರ್ಷಗಳಿಗಾಗಿ ಅತ್ತೆ.

ಆ ವ್ಯಾಯಾಮ ಹೇಗೆ ಅಂದರೆ: ಮೂತ್ರಕೋಶ, ಗರ್ಭಕೋಶ, ಮಲದ್ವಾರ ಇವನ್ನೆಲ್ಲ ಕೆಳಗಿನಿಂದ ಜೋಲಿಯ ಹಾಗೆ ಹೊತ್ತು ಹಿಡಿದ ಸ್ನಾಯುಗಳಿವೆ. ಬಸುರಿನ ಒಂಬತ್ತು ತಿಂಗಳ ಭಾರಕ್ಕೆ ಅವು ಸಡಿಲವಾಗುತ್ತವೆ. ಸಿಸೇರಿಯನ್ ಆದವರಿಗೂ ಆಗುತ್ತವೆ. ಗಾಳಿ ತಡೆಯುವಾಗ, ಮೂತ್ರ ತಡೆಯುವಾಗ ಬಿಗಿಯುತ್ತೀವಲ್ಲ, ಹಾಗೆ ಒಳಕ್ಕೆ ಮೇಲಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿ. ಅಷ್ಟೇ ಹೊತ್ತು ಬಿಡು. ಉಸಿರು ಕಟ್ಟಬೇಡ, ತೊಡೆ ಬಿಗಿಯಬೇಡ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬರಬರುತ್ತ ಹತ್ತು ಎಣಿಸುವವರೆಗೆ ಹಿಡಿಯಲು ಬರುತ್ತೆ. ಮೂತ್ರಕ್ಕೆ ಕೂತಾಗ ಮಾಡಬೇಡ. ನಿನಗೆ ನೋವಾಗದಿದ್ದರೆ ಈಗಲೇ ಶುರುಮಾಡಬಹುದು, ಹಾಲು ಕುಡಿಸುತ್ತಲೇ ಮಾಡಬಹುದು. ಹೊಟ್ಟೆ ಕರಗಿಸುವ ವ್ಯಾಯಾಮ ಈಗ ಬೇಡ, ಡಾಕ್ಟರ್ ನೋಡಿ ಹೂಂ ಅಂದ ಮೇಲೆ ನೋಡೋಣ. ಆರು ವಾರದ ತಪಾಸಣೆಗೆ ಹೋದಾಗ ಜಿನುಗುವುದು, ಕೆಳಗೆ ಏನೋ ಜಾರಿದ ಹಾಗನ್ನಿಸುವುದು, ಯಾವುದಿದ್ದರೂ ಬಾಯಿಬಿಟ್ಟು ಹೇಳು. ಅವರಾಗಿ ಕೇಳಲಿ ಅಂತ ಕಾಯಬೇಡ. ಇನ್ನೊಂದು ಮಗುವಿಗೆ ಎಷ್ಟು ಅಂತರ, ಅಲ್ಲಿಯವರೆಗೆ ಏನು ಬಳಸಬೇಕು ಅನ್ನುವುದನ್ನೂ ಅವತ್ತೇ ಕೇಳು. ಮುಟ್ಟು ಮರಳುವ ಮೊದಲೇ ಬಸುರು ನಿಲ್ಲಬಹುದು.

ಇದನ್ನು ಅಳಿಯಂದಿರಿಗೂ ಓದಲು ಕೊಡು. ಹೆತ್ತ ಮೇಲೆ ಹೋಗುವ ರಕ್ತ ಮೊದಲು ಕೆಂಪಗೆ, ಆಮೇಲೆ ಕಂದು, ಕೊನೆಗೆ ತಿಳಿಹಳದಿಯಾಗಿ ನಾಲ್ಕರಿಂದ ಆರು ವಾರಕ್ಕೆ ನಿಲ್ಲಬೇಕು. ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬಿದ್ದರೆ, ಸ್ರಾವ ಕೆಟ್ಟ ವಾಸನೆ ಬಂದರೆ, 100.4 ಡಿಗ್ರಿ ದಾಟಿ ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಕಂಡರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಆಸ್ಪತ್ರೆಗೆ ಹೋಗಲು ಬೆಳಗಾಗುವುದನ್ನು ಕಾಯಬಾರದು. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು ಆದರೂ ಅಷ್ಟೇ. ಬಸುರಿನಲ್ಲಿ ಇಲ್ಲದ ರಕ್ತದೊತ್ತಡ ಹೆರಿಗೆಯ ನಂತರವೂ ಏರಬಹುದು. ಏದುಸಿರು, ಎದೆನೋವು ಬಂದರೆ 108ಕ್ಕೆ ಫೋನ್ ಮಾಡಲಿ. ಮೊಲೆ ಗಟ್ಟಿಯಾಗಿ ಕೆಂಪಾಗಿ ಜ್ವರ ಬಂದರೆ ಡಾಕ್ಟರಿಗೆ ತೋರಿಸು, ಆದರೆ ಹಾಲು ಕುಡಿಸುವುದನ್ನು ನಿಲ್ಲಿಸಬೇಡ.

ನಿನ್ನ ದನಿ ಕೇಳಿದ ಮೇಲೆ ನನಗೆ ಹೆಚ್ಚು ಚಿಂತೆಯಾಗಿದ್ದು ಮನಸ್ಸಿನದು. ಮೂರನೇ ದಿನವೋ ನಾಲ್ಕನೇ ದಿನವೋ ಕಾರಣವಿಲ್ಲದೆ ಅಳು ಬರುವುದು ಬಹಳ ಜನಕ್ಕೆ ಆಗುತ್ತೆ, ಎರಡು ವಾರದೊಳಗೆ ತಾನಾಗಿ ಹೋಗುತ್ತೆ. ಹೋಗದಿದ್ದರೆ, ಮಗು ಮಲಗಿದರೂ ನಿನಗೆ ನಿದ್ದೆ ಹತ್ತದಿದ್ದರೆ, ನಾನು ಕೆಟ್ಟ ತಾಯಿ ಅನ್ನಿಸುತ್ತಿದ್ದರೆ, ಅದು ಕಾಯಿಲೆ, ನಿನ್ನ ತಪ್ಪಲ್ಲ. ನಮ್ಮೂರ ಕಡೆ ಬಾಣಂತಿ ಸನ್ನಿ ಅಂದ ಕೂಡಲೇ ಯಂತ್ರ ಕಟ್ಟಿಸಲು ಓಡುತ್ತಿದ್ದರು. ಇಲ್ಲದ ಮಾತು ಕೇಳಿಸುವುದು, ಮನೆಯವರ ಮೇಲೇ ಅನುಮಾನ, ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಔಷಧಕ್ಕೆ ವಾಸಿಯಾಗುವ ಕಾಯಿಲೆ ಅದು. ನಿಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು 2009ರಿಂದಲೂ ಇದೆ. ಬರೀ ಮಾತಾಡಬೇಕು ಅನ್ನಿಸಿದರೂ ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಾನೇ ಫೋನ್ ಮಾಡುತ್ತೀನಿ. ಆ ಹೊತ್ತಿಗೆ ಮಗುವನ್ನು ನಿಮ್ಮಮ್ಮನ ಕೈಗೆ ಕೊಟ್ಟು ಕೋಣೆಯ ಬಾಗಿಲು ಮುಂದೆ ಮಾಡಿಕೋ, ಸ್ಪೀಕರ್ ಹಾಕಬೇಡ. ಮಗುವಿನ ವಿಷಯ ಕೊನೆಗೆ ಕೇಳುತ್ತೀನಿ. ಹೊಲಿಗೆಯಿಂದ ಶುರುಮಾಡು.

ಇಂತಿ,
ನಿನ್ನ ದೊಡ್ಡಮ್ಮ